ನಾಲ್ಕು ಮೂಲೆಯ ಒದ್ದೆ

ಕಾಲೇಜು ಹಾಸ್ಟೆಲ್, ಬೆಂಗಳೂರು
6 ಜುಲೈ 1958

ಮಾವನವರಿಗೆ ಆದಿಯ ನಮಸ್ಕಾರ.

ಈ ಕಾಗದವನ್ನು ನೀವು ಅಮ್ಮನಿಗೆ ಓದಿ ಹೇಳುತ್ತೀರಿ, ಒಂದು ಅಕ್ಷರವನ್ನೂ ಬಿಡುವುದಕ್ಕೆ ಅವಳು ಬಿಡುವುದಿಲ್ಲ. ಆದ್ದರಿಂದ ಮೊದಲು ಅವಳಿಗೆ: ಅಮ್ಮಾ, ಇಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತಿದೆ. ಮುದ್ದೆ ಇಲ್ಲ, ಅದೊಂದೇ ಕೊರತೆ. ಅಳಬೇಡ.

ಇನ್ನು ನಿಮಗೆ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಇಷ್ಟೊಂದು ಹೆದರಿಕೆ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ಹಾಜರಿ ಕರೆಯುತ್ತ ಮೇಷ್ಟ್ರು "ಆದಿನಾರಾಯಣ ಪೆಂಗೆಲ್ಲಿ" ಎಂದರು. ಹಿಂದಿನ ಬೆಂಚಿನಿಂದ ಯಾರೋ "ಪೆಂಗ ಎಲ್ಲಿ?" ಎಂದ. ಇನ್ನೊಬ್ಬ "ಇಲ್ಲೇ ಮುಂದೆ ಕೂತವ್ನೆ ನೋಡೋ" ಎಂದ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆರು ವರ್ಷದವನಿದ್ದಾಗಿನಿಂದ ಹಾಸ್ಟೆಲಿನಲ್ಲೇ ಬೆಳೆದವನಿಗೆ ತನ್ನ ಮೇಲೆ ತಾನೇ ನಗುವುದು ಬೇಗ ಬರುತ್ತದೆ. ಗಣಿ ಕೆಲಸದಲ್ಲಿದ್ದ ಅಪ್ಪ ರಜೆಗೆಂದು ತಮ್ಮ ಇಂಗ್ಲೆಂಡಿಗೆ ಹೋದವರು ಮರಳಲಿಲ್ಲ; ನನ್ನ ಪಾಲಿಗೆ ಉಳಿಸಿ ಹೋದದ್ದು ಆ ಇಂಗ್ಲಿಷ್ ಮನೆತನದ ಹೆಸರು, ಈ ಬೆಕ್ಕಿನ ಕಣ್ಣು. ಎರಡನ್ನೂ ಮುಚ್ಚಿಡಲು ಆಗುವುದಿಲ್ಲ.

ನಿಮಗೆ ಕಾಂಕ್ರೀಟ್ ತೊಟ್ಟಿಯ ಕೆಲಸ ಸಿಕ್ಕಿತೆಂದು ಕೇಳಿ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು, ತಪ್ಪು ತಿಳಿಯಬೇಡಿ. ನೀವು ಇಷ್ಟು ಕಾಲ ಕಲ್ಲು, ಗಾರೆಯಲ್ಲಿ ಕಟ್ಟಿದವರು. ನೀರು ಹಿಡಿದಿಡುವ ಕಾಂಕ್ರೀಟಿನ ಸ್ವಭಾವವೇ ಬೇರೆ ಎಂದು ಇಲ್ಲಿ ಹೇಳಿಕೊಡುತ್ತಿದ್ದಾರೆ. ಒಂದು ಕೂದಲೆಳೆ ಸಂದು ಸಿಕ್ಕರೂ ನೀರು ಅದನ್ನು ಹುಡುಕಿಕೊಂಡು ಬರುತ್ತದಂತೆ. ಅಮ್ಮನೂ ನಿಮ್ಮ ಗುಂಪಿನಲ್ಲಿ ಬಾಂಡ್ಲಿ ಹೊರುತ್ತಿದ್ದಾಳೆಯೇ? ಬೇಡ ಎಂದರೆ ಕೇಳುವವಳಲ್ಲ, ತಲೆಗೆ ಸಿಂಬೆಯನ್ನಾದರೂ ಸರಿಯಾಗಿ ಇಟ್ಟುಕೊಳ್ಳಲಿ.

ನಿಮ್ಮ
ಆದಿ

ಆಂಡರ್ಸನ್‌ಪೇಟೆ
20 ಜುಲೈ 1958

ಅಳಿಯ ಆದಿಗೆ ಕೋದಂಡಪ್ಪನ ಆಶೀರ್ವಾದ.

ಕಾಗದ ಓದಿದೆ. ನಿಮ್ಮಮ್ಮ ಅಲ್ಲಿವರೆಗೆ ಸುಮ್ಮನೆ ಕೂತಿದ್ದವಳು "ಅಳಬೇಡ" ಅಂತ ನೀನು ಬರೆದಿದ್ದನ್ನು ಓದಿದ ಮೇಲೆ ಅಳೋದಕ್ಕೆ ಶುರು ಮಾಡಿದಳು. ಇನ್ನು ಮೇಲೆ ಅದನ್ನು ಬರೆಯಬೇಡ.

ಕ್ಯಾಸಂಬಳ್ಳಿ ದಾಟಿದ ಮೇಲೆ ಬಲಗಡೆ ಒಂದು ದಿನ್ನೆ ಬರುತ್ತದಲ್ಲ, ಅದರ ಮೇಲೆ ಎರಡು ತೊಟ್ಟಿ. ಮೊದಲು ಚಿಕ್ಕದು, ಆಮೇಲೆ ದೊಡ್ಡದು. ಕೆಳಗಿನ ಊರಿಗೆಲ್ಲ ಕುಡಿಯುವ ನೀರು ಇಲ್ಲಿಂದಲೇ. ಓವರ್ಸಿಯರ್ ಕುಪ್ಪುಸ್ವಾಮಿಯವರು ಮೊದಲ ದಿನವೇ ಹೇಳಿಬಿಟ್ಟರು: ಸೋರದ ಹಾಗೆ ನಿಲ್ಲಿಸಿದರೆ ಈ ಸುತ್ತಿನ ತೊಟ್ಟಿಗಳೆಲ್ಲ ನಮ್ಮ ಗುಂಪಿಗೆ, ಸೋರಿದರೆ ಸೇಲಂನವರನ್ನು ಕರೆಸುತ್ತಾರೆ. ಆಮೇಲೆ ನಾವು ಚಾಂಪಿಯನ್ ರೀಫ್ಸ್ ಗಣಿ ಕೂಲಿಗಳ ಲೈನ್ ಮನೆಗಳ ಗೋಡೆಗೆ ತೇಪೆ ಹಾಕಿಕೊಂಡೇ ಮುದುಕರಾಗಬೇಕು. ಗುಂಪಿನಲ್ಲಿರೋರೆಲ್ಲ ನಮ್ಮ ಬೀದಿಯವರೇ ಅಂತ ನಿನಗೆ ಗೊತ್ತು.

ಗೋಡೆಯನ್ನು ಒಂದೇ ಸಲಕ್ಕೆ ಹಾಕುವುದಿಲ್ಲ. ಸೊಂಟದೆತ್ತರ ಹಲಗೆ ಕಟ್ಟಿ ತುಂಬುತ್ತೇವೆ. ಅದು ಗಟ್ಟಿಯಾದ ಮೇಲೆ ಅದರ ತಲೆ ಮೇಲೆ ಇನ್ನೊಂದು ವರಸೆ. ನಿನ್ನ ಪುಸ್ತಕದಲ್ಲಿ ಏನಾದರೂ ಇದ್ದರೆ ಬರಿ, ನಾಚಿಕೆಪಟ್ಟುಕೊಳ್ಳಬೇಡ.

ಸಿಂಬೆ ವಿಚಾರ ಓದಿದಾಗ ನಿಮ್ಮಮ್ಮ ಅಂದದ್ದು: "ಸಿಂಬೆ ಇಡೋದ್ನ ಇವ್ನ್ ಯೇಳ್ಕೊಡ್ಬೇಕಾ ನಂಗೆ? ಓದೋದ್ ನೋಡ್ಕೊಳಕ್ ಯೇಳು."

ನಿನ್ನ ಮಾವ
ಕೋದಂಡಪ್ಪ

ಆಂಡರ್ಸನ್‌ಪೇಟೆ
14 ಸೆಪ್ಟೆಂಬರ್ 1958

ಆದಿ,

ಚಿಕ್ಕ ತೊಟ್ಟಿಗೆ ನೀರು ತುಂಬಿದೆವು. ಸೋರುತ್ತಿದೆ.

ಧಾರೆಯಾಗಿ ಅಲ್ಲ. ವರಸೆಯ ಮೇಲೆ ವರಸೆ ಕೂತಿರುವ ಗೆರೆಯಲ್ಲಿ ಒದ್ದೆ ಕಾಣಿಸಿಕೊಂಡು ಕೆಳಗಿಳಿಯುತ್ತದೆ. ಉದ್ದಕ್ಕೂ ಇದ್ದಿದ್ದರೆ ಕಲಸಿದ್ದೇ ತಪ್ಪು ಅನ್ನಬಹುದಿತ್ತು. ಎಲ್ಲ ಗೆರೆಯಲ್ಲೂ ನಾಲ್ಕು ಮೂಲೆಯಲ್ಲಿ ಮಾತ್ರ. ಮಿಕ್ಕ ಕಡೆ ಒಣಗಿದ ಹಾಗೇ ಇದೆ. ಯಾರೋ ಅಳತೆ ಮಾಡಿ ಇಟ್ಟ ಹಾಗೆ.

ಕುಪ್ಪುಸ್ವಾಮಿಯವರು ಸುತ್ತ ಒಂದು ಸಲ ಬಂದು, "ಎನ್ನಪ್ಪಾ ಮೇಸ್ತ್ರಿ, ತೊಟ್ಟಿ ಕಟ್ಟು ಅಂದ್ರೆ ಜರಡಿ ಕಟ್ಟಿದ್ದೀಯಾ?" ಅಂದರು. ಗುಂಪಿನವರು ತಲೆ ತಗ್ಗಿಸಿದರು. ನಿಮ್ಮಮ್ಮ ಮಾತ್ರ, "ಜರಡೀಲಿ ಒಂದ್ ಬಿಂದಿಗೆ ನೀರಾದ್ರೂ ನಿಂತದಾ ಸಾಮಿ? ಇದ್ರಲ್ ನೋಡಿ, ಎದೆಗಂಟ ನಿಂತೈತೆ" ಅಂದಳು. ಅವರಿಗೂ ನಗು ತಡೆಯೋಕಾಗಲಿಲ್ಲ. ಅದರಿಂದ ಒದ್ದೆಯೇನೂ ನಿಲ್ಲಲಿಲ್ಲ.

ಬೇಗ ಬರಿ.

ಕೋದಂಡಪ್ಪ

ಕಾಲೇಜು ಹಾಸ್ಟೆಲ್
19 ಸೆಪ್ಟೆಂಬರ್ 1958

ಮಾವ,

ನಿಮ್ಮ ಕಾಗದ ಬಂದಾಗಿನಿಂದ ಊಟ ಸೇರುತ್ತಿಲ್ಲ. (ಅಮ್ಮಾ, ಸೇರುತ್ತಿದೆ, ಇದು ಮಾತಿಗೆ.) ಲೈಬ್ರರಿಯಲ್ಲಿ ಕೂತು ಹುಡುಕಿದೆ. ಕಾಂಕ್ರೀಟು ಒಣಗುತ್ತ ಕುಗ್ಗುತ್ತದೆ. ಮೂಲೆಯಲ್ಲಿ ಎರಡು ಗೋಡೆಗಳು ಎರಡು ಕಡೆಗೆ ಎಳೆದಾಡುವುದರಿಂದ ಬಿರುಕು ಮೊದಲು ಅಲ್ಲಿಯೇ. ಆದ್ದರಿಂದ ಗೋಡೆಗೆ ಗೋಣಿಚೀಲ ಹೊದಿಸಿ ಸದಾ ತೇವವಾಗಿಡಬೇಕು, ಬಿಸಿಲಿಗೆ ಬಿಡಲೇಬಾರದು. ಸೋರುವ ಜಾಗವನ್ನು ಉಳಿಯಿಂದ ಸ್ವಲ್ಪ ಕೆತ್ತಿ, ನೆನೆಸಿ, ಗಟ್ಟಿಯಾಗಿ ಕಲಸಿದ ಸಿಮೆಂಟ್ ಗಾರೆಯನ್ನು ಬಡಿದು ತುಂಬಬೇಕು.

ಇದು ಸರಿಯೇ ಇರಬೇಕು. ಆದರೂ ತಪ್ಪಾಗಿದ್ದರೆ? ಮೊನ್ನೆ ಡ್ರಾಯಿಂಗ್ ಕ್ಲಾಸಿನಲ್ಲಿ ಒಂದು ನೇರ ಗೆರೆಯನ್ನೇ ತಪ್ಪಾಗಿ ಎಳೆದವನು ನಾನು.

ಆದಿ

ಆಂಡರ್ಸನ್‌ಪೇಟೆ
12 ಅಕ್ಟೋಬರ್ 1958

ಆದಿ,

ನೀನು ಬರೆದ ಹಾಗೇ ಮಾಡಿದೆವು. ಮೂರು ಮೂಲೆ ಕಡಿಮೆಯಾಯಿತು, ನಿಲ್ಲಲಿಲ್ಲ. ನಾಲ್ಕನೆಯದು ಹಾಗೇ ಇದೆ. ಗೋಣಿಚೀಲ ಹೊದಿಸಿದ ಗೋಡೆ ನೋಡಿ ದನ ಕಾಯುವವರು, ತೊಟ್ಟಿಗೆ ಚಳಿಜ್ವರವಾ ಅಂತ ಕೇಳಿಕೊಂಡು ಹೋಗುತ್ತಾರೆ.

ದೊಡ್ಡ ತೊಟ್ಟಿಯ ಗೋಡೆ ದೀಪಾವಳಿ ಕಳೆದ ಮೇಲೆ ಶುರು. ಓವರ್ಸಿಯರ್ ಹೇಳಿದ್ದು, ಚಿಕ್ಕದನ್ನು ಹೇಗಾದರೂ ಸರಿ ಮಾಡು, ದೊಡ್ಡದರಲ್ಲಿ ಇದೇ ಕತೆಯಾದರೆ ಬೇರೆ ಗುಂಪು. ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇಜಾರಿನಲ್ಲಿ ಹೇಳಿದರು.

ನಿಮ್ಮಮ್ಮ ಹುರಿಹಿಟ್ಟು ಕಳಿಸಿದ್ದಾಳೆ. ಹುಡುಗರಿಗೂ ಕೊಟ್ಟು ತಿನ್ನಬೇಕಂತೆ, ಒಬ್ಬನೇ ತಿನ್ನಬಾರದಂತೆ.

ಕೋದಂಡಪ್ಪ

ಕಾಲೇಜು ಹಾಸ್ಟೆಲ್
17 ಅಕ್ಟೋಬರ್ 1958

ಮಾವ,

ಧೈರ್ಯ ಮಾಡಿ ನಮ್ಮ ಮೇಷ್ಟ್ರನ್ನೇ ಕೇಳಿದೆ. ಗದರುತ್ತಾರೆಂದುಕೊಂಡಿದ್ದೆ, ಕೂರಿಸಿಕೊಂಡು ಕೇಳಿದರು. "ಕುಗ್ಗಿ ಬಿರುಕು ಬಿಟ್ಟಿದ್ದರೆ ಅದು ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಓಡಬೇಕಿತ್ತು. ಗೆರೆಯಲ್ಲೇ ಸೋರುತ್ತಿದೆ ಎಂದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಏನೋ ಕೂತಿದೆ. ಬೆಳಿಗ್ಗೆ ಅವರು ಕೆಲಸ ಹೇಗೆ ಶುರು ಮಾಡುತ್ತಾರೆ, ಮೊದಲಿನಿಂದ ಬರೆಸಿಕೊ" ಎಂದರು. ನನ್ನ ಕುಗ್ಗುವಿಕೆಯ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಆದ್ದರಿಂದ ಹೊಸ ವರಸೆ ಹಾಕುವ ದಿನ ಏನೇನು ಮಾಡುತ್ತೀರಿ, ದಯವಿಟ್ಟು ಬಿಡದೆ ಬರೆಯಿರಿ.

ಹುರಿಹಿಟ್ಟು ಒಂದು ದಿನವೂ ಉಳಿಯಲಿಲ್ಲ. "ಪೆಂಗನ ಮನೆ ಹಿಟ್ಟು" ಎಂದು ಹೊಗಳಿಕೊಂಡೇ ತಿಂದರು.

ಆದಿ

ಆಂಡರ್ಸನ್‌ಪೇಟೆ
26 ಅಕ್ಟೋಬರ್ 1958

ಆದಿ,

ಬರೆಯುವಂಥದ್ದು ಏನಿದೆ? ಬಸ್ಸಿಳಿದು ದಿನ್ನೆ ಹತ್ತುತ್ತೇವೆ. ಗಂಡಾಳುಗಳು ಹಲಗೆ ಬಿಗಿ ಇದೆಯಾ ನೋಡುತ್ತಾರೆ. ಹೆಣ್ಣಾಳುಗಳು ಜಲ್ಲಿ ತೊಳೆಯುತ್ತಾರೆ. ಕಲಸೋಕೆ ಮುಂಚೆ ನಿಮ್ಮಮ್ಮ ಪೂಜೆ ಮಾಡುತ್ತಾಳೆ. ಹಿಂದಿನ ವರಸೆಯ ತಲೆ ಮೇಲೆ ನಾಲ್ಕು ಮೂಲೆಗೂ ಅರಿಶಿನ ಮೆತ್ತಿ, ಕುಂಕುಮ ಇಟ್ಟು, ವೀಳ್ಯದೆಲೆ ಹಾಸಿ, ಅದರ ಮೇಲೆ ಬೊಗಸೆ ಚೆಂಡುಹೂವು. ಇಟ್ಟ ಹೂವನ್ನು ತೆಗೆಯಬಾರದಲ್ಲ, ಗೋಡೆ ತಾನೇ ನುಂಗಿಕೊಳ್ಳಲಿ ಅಂತ ಅದರ ಮೇಲೇ ಸುರಿಯುತ್ತೇವೆ. ಕಲ್ಲು ಕಟ್ಟಡದ ಕಾಲದಿಂದ ನಮ್ಮ ಗುಂಪಿನಲ್ಲಿ ಹೀಗೇ. ಮೊದಲು ಇದನ್ನು ಪೆದ್ದಮ್ಮ ಮಾಡುತ್ತಿದ್ದಳು, ಅವಳಿಗೆ ವಯಸ್ಸಾಯಿತು ಅಂತ ಈಗ ನಿಮ್ಮಮ್ಮ.

ಒಂದು ಮಾತು ಅವಳು ಬರೆಯಬೇಡ ಅಂದಳು, ಆದರೂ ಬರೆಯುತ್ತೇನೆ. ಆ ಪೂಜೆ ನಿನ್ನ ಹೆಸರಿನಲ್ಲಿ. ನಾಲ್ಕೂ ಮೂಲೆಯಲ್ಲಿ "ನಮ್ ಆದಿ ಪಾಸಾಗ್ಲಿ, ಭಯ ಓಗ್ಲಿ" ಅಂತ ಬಾಯಲ್ಲೇ ಅಂದುಕೊಳ್ಳುತ್ತಾಳೆ. ಎಲ್ಲರಿಗೂ ಕೇಳಿಸುತ್ತದೆ.

ಕೋದಂಡಪ್ಪ

ಕಾಲೇಜು ಹಾಸ್ಟೆಲ್
6 ನವೆಂಬರ್ 1958

ಮಾವ, ಅಮ್ಮ,

ಉತ್ತರ ತಡವಾಯಿತು. ಬರೆದು ಬರೆದು ಹರಿದುಹಾಕಿದೆ.

ದೊಡ್ಡ ತೊಟ್ಟಿಯಲ್ಲಿ ಹೀಗೆ ಮಾಡಿ. ಗಟ್ಟಿಯಾದ ಕಾಂಕ್ರೀಟಿನ ತಲೆಯ ಮೇಲೆ ಹಾಲಿನ ಕೆನೆಯ ಹಾಗೆ ಒಂದು ತೆಳು ಪದರ ಕಟ್ಟಿರುತ್ತದೆ, ಅದರಲ್ಲಿ ಸತ್ವವಿಲ್ಲ. ತಂತಿ ಬ್ರಷ್ಷಿನಿಂದ ಜಲ್ಲಿ ಕಾಣುವ ತನಕ ಉಜ್ಜಿ, ಚೆನ್ನಾಗಿ ತೊಳೆದು, ಸಿಮೆಂಟ್ ಹಾಲು ಬಳಿದು, ಅದು ಹಸಿ ಇರುವಾಗಲೇ ಹೊಸದನ್ನು ಸುರಿಯಬೇಕು. ನಡುವೆ ಮಣ್ಣು, ಕಡ್ಡಿ, ಎಲೆ, ಏನೂ ಇರಬಾರದು. ಏನೂ ಎಂದರೆ ಏನೂ.

ಅಮ್ಮಾ, ನೀನು ಹೇಗಿದ್ದೀಯಾ? ಕೈಗೆ ಸಿಮೆಂಟು ಕಡಿಯುತ್ತಿದೆಯೇ? ಕೊಬ್ಬರಿ ಎಣ್ಣೆ ಹಚ್ಚಿಕೊ.

ಆದಿ

ಆಂಡರ್ಸನ್‌ಪೇಟೆ
23 ನವೆಂಬರ್ 1958

ಆದಿ,

ದೊಡ್ಡ ತೊಟ್ಟಿಯ ಮೊದಲ ವರಸೆ ಬಿತ್ತು. ತಂತಿ ಬ್ರಷ್ ಕೆಲಸವನ್ನು ನಿಮ್ಮಮ್ಮ ಯಾರಿಗೂ ಕೊಡಲಿಲ್ಲ. ತಳದ ಅಂಚನ್ನೆಲ್ಲ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ತೊಳೆದಳು. ಕುಪ್ಪುಸ್ವಾಮಿಯವರು ನೋಡಿ ತಲೆದೂಗಿದರು. ಅವರು ಅತ್ತ ಹೋದ ಮೇಲೆ ಪೂಜೆ. ವೀಳ್ಯದೆಲೆ ಪಕ್ಕಕ್ಕಿಟ್ಟು ಅಂದಳು: "ಆದಿ ಎಲೆ ಬ್ಯಾಡ ಅಂತ ಬರ್ದವ್ನೆ. ಅವ್ನ್ ಮಾತೂ ನಡೀಲಿ. ಬರೀ ಊವು ಮಡಗ್ತೀನಿ, ಎಲೆ ಬದ್ಲು ಇನ್ನೊಂದ್ ಬೊಗಸೆ ಜಾಸ್ತಿ."

ಎರಡನೇ ವರಸೆ ಮುಂದಿನ ಸೋಮವಾರ. ನಿನ್ನ ಕಾರ್ಡು ಬಂತು, ನೀವು ಕಾಲೇಜಿನವರು ಪ್ರವಾಸ ಹೊರಟಿದ್ದೀರಂತೆ, ರೈಲು ಬುಧವಾರ ಬಂಗಾರಪೇಟೆಯಲ್ಲಿ ನಿಲ್ಲುತ್ತದಂತೆ. ನಿಮ್ಮಮ್ಮ ಬುತ್ತಿ ಕಟ್ಟಿಕೊಂಡು ಬರುತ್ತಾಳೆ.

ಕೋದಂಡಪ್ಪ

ಜೋಲಾರಪೇಟೆ
27 ನವೆಂಬರ್ 1958

ಅಮ್ಮಾ,

ಈ ಕಾಗದ ನಿನಗೆ. ಮಾವ, ಇದನ್ನು ನಿಧಾನವಾಗಿ ಓದಿ ಹೇಳಿ.

ನಿನ್ನೆ ಬಂಗಾರಪೇಟೆ ಪ್ಲಾಟ್‌ಫಾರಮ್ಮಿನಲ್ಲಿ ನೀನು ಕೆಲಸದ ಸೀರೆಯಲ್ಲೇ ನಿಂತಿದ್ದೆ. ಯಾರೋ ಅದು ಎಂದು ಹುಡುಗರು ಕೇಳಿದರು. ನಮ್ಮಮ್ಮ ಎಂದೆ. ನಿನಗೆ ಕೇಳಿಸಿತೋ ಇಲ್ಲವೋ. ಬುತ್ತಿ ಕೊಡುವಾಗ ನಿನ್ನ ಉಗುರ ಸಂದಿಯಲ್ಲಿ ಅರಿಶಿನ ಇತ್ತು. ನಿನಗೆ ಒಂದು ಮಾತು ಹೇಳಬೇಕೆಂದೇ ಕಿಟಕಿಯ ಪಕ್ಕ ಕೂತಿದ್ದೆ. ನೀನು "ಪಲ್ಯ ಕೆಳಗೈತೆ, ಚೆಲ್ಕೋಬ್ಯಾಡ" ಎಂದೆ. ರೈಲು ಹೊರಟಿತು.

ಅಮ್ಮಾ, ತೊಟ್ಟಿ ಸೋರುತ್ತಿರುವುದು ನೀನು ಇಡುವ ಹೂವಿನಿಂದ.

ಕಲ್ಲಿನ ಗೋಡೆಯಲ್ಲಿ ಅದರಿಂದ ಏನೂ ಆಗುತ್ತಿರಲಿಲ್ಲ, ಅಲ್ಲಿ ನೀರು ನಿಲ್ಲಬೇಕಾಗಿರಲಿಲ್ಲ. ಕಾಂಕ್ರೀಟು ಹೂವನ್ನು ನುಂಗುವುದಿಲ್ಲ. ಹೂವು ಒಳಗೇ ಕೊಳೆತು, ಅಷ್ಟು ಜಾಗ ಟೊಳ್ಳಾಗುತ್ತದೆ. ಅರಿಶಿನ ಮೆತ್ತಿದ ಕಡೆ ಹೊಸದು ಹಳೆಯದಕ್ಕೆ ಅಂಟುವುದಿಲ್ಲ. ನಾಲ್ಕು ಮೂಲೆಯಲ್ಲೇ ಸೋರುವುದು ಅದಕ್ಕೆ. ದೊಡ್ಡ ತೊಟ್ಟಿಯ ಮೊದಲ ವರಸೆಯ ಕೆಳಗೂ ಈಗ ಅದು ಕೂತಿದೆ. ಸೋಮವಾರದ್ದನ್ನಾದರೂ ನಿಲ್ಲಿಸು.

ನೀನು ಇಟ್ಟದ್ದು ನನಗಾಗಿ ಎಂದು ಗೊತ್ತಿದೆ. ಗೊತ್ತಿದ್ದರಿಂದಲೇ ಇಷ್ಟು ದಿನ ಬಾಯಿ ಬರಲಿಲ್ಲ.

ನಿನ್ನ
ಆದಿ

ಆಂಡರ್ಸನ್‌ಪೇಟೆ
4 ಜನವರಿ 1959

ಆದಿ,

ತಿಂಗಳ ಮೇಲಾಯಿತು, ನೀನು ಏನೇನು ಯೋಚನೆ ಮಾಡಿಕೊಂಡಿರುತ್ತೀಯೋ. ಬರೆಯಬೇಡ ಅಂತ ತಡೆದದ್ದು ನಿಮ್ಮಮ್ಮ. ಕೆಲಸ ಆಗಲಿ, ಆಮೇಲೆ ಬರಿ ಅಂದಳು.

ನಿನ್ನ ಕಾಗದ ಅರ್ಧ ಓದುವಷ್ಟರಲ್ಲಿ ಎದ್ದು ಹೋಗಿ ಮುದ್ದೆಗೆ ಎಸರಿಟ್ಟಳು. ಉಳಿದಿದ್ದನ್ನು ಒಲೆ ಮುಂದೆ ಬೆನ್ನು ತಿರುಗಿಸಿ ಕೂತೇ ಕೇಳಿದಳು. ನಿಜ ಹೇಳಬೇಕಂದರೆ, ನೀನು ಎಲೆ ಅಂತ ಬರೆದಾಗಲೇ ನನಗೆ ಅನುಮಾನ ಬಂದಿತ್ತು. ಅಕ್ಕನಿಗೆ ಹೇಗೆ ಹೇಳಲಿ? ನೀನು ಬಾಯಿಬಿಟ್ಟು ಹೇಳಲಿ ಅಂತ ನಾನು ಕಾಯುತ್ತಿದ್ದೆ, ನಾನೇ ಬಾಯಿಬಿಡಲಿ ಅಂತ ನೀನು ಕಾಯುತ್ತಿದ್ದೆ ಅಂತ ಕಾಣುತ್ತೆ.

ಸೋಮವಾರ ಬೆಳಿಗ್ಗೆ ಹೂವಿನ ಬುಟ್ಟಿ ತಂದಳು. ಗೋಡೆ ಹತ್ತಿರ ಹೋಗಿ ನಿಂತಳು. ಕಲಸೋದಕ್ಕೆ ಸಲಿಕೆ ಹಿಡಿದವರೆಲ್ಲ ನಿಂತರು. ಅವಳು ಬಗ್ಗಿ, ಹಲಗೆಯ ಹೊರಮೈಗೆ ಅರಿಶಿನ ಹಚ್ಚಿ, ಹೂವನ್ನು ಹಲಗೆ ಕಟ್ಟಿದ್ದ ಹಗ್ಗಕ್ಕೆ ಸಿಕ್ಕಿಸಿ ಬಂದಳು. ಪೆದ್ದಮ್ಮನಿಗೆ ತಡೆಯಲಿಲ್ಲ.

"ಅಯ್ಯೋ ದೇವುಡಾ, ಗೋಡೆ ಬಿಟ್ಟು ಅಲ್ಗೆಗೆ ಇಡ್ತಾರೇನೇ? ಗಂಗಮ್ಮ ಮುನಿಸ್ಕೊಂಡ್ರೆ?"

"ಗಂಗಮ್ಮ ಇರೋಕೆ ತಾನೇ ಈ ಮನೆ ಕಟ್ತಿರೋದು? ಮನೆ ಸೋರ್ತಿದ್ರೆ ಮುನಿಸ್ಕೊಳ್ದೆ ಇರ್ತಾಳಾ? ಸುಮ್ಕೆ ಬಾಂಡ್ಲಿ ಎತ್ತವ್ವ."

ಅಷ್ಟೇ. ಮಧ್ಯಾಹ್ನ ಉಳಿ, ಸುತ್ತಿಗೆ ಕೇಳಿದಳು. ಚಿಕ್ಕ ತೊಟ್ಟಿಯ ಮೂಲೆಗಳನ್ನು ತಾನೇ ಕೆತ್ತಿದಳು. ನಾವು ಮೊದಲು ಮೇಲುಮೇಲೆ ಕೆತ್ತಿ ಮುಚ್ಚಿದ್ದೆವು, ಅವಳು ಒಳಗೆ ಹೋಗುವ ತನಕ ಕೆತ್ತಿದಳು. ಚೆಂಡುಹೂವಿನ ತೊಟ್ಟು ಕಪ್ಪಗಾಗಿ ಹಾಗೇ ಕೂತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ ನಕ್ಕಳು. ಸಿಟ್ಟಿನ ನಗು ಅಂತ ಹೆದರಿದ್ದೆ, ಅಲ್ಲ. ದೊಡ್ಡ ತೊಟ್ಟಿಯ ಕೆಳಗಿನ ಗೆರೆಯನ್ನೂ ಹಾಗೇ ಬಿಡಿಸಿ, ತೊಳೆದು, ಗಟ್ಟಿ ಗಾರೆ ಬಡಿದು ತುಂಬಿದ್ದೇವೆ.

ಇನ್ನು ಅವಳು ಹೇಳಿ ಬರೆಸುತ್ತಿರುವುದು. ಒಂದು ಮಾತು ಬಿಟ್ಟರೂ ಮುದ್ದೆ ಇಲ್ಲ ಅಂದಿದ್ದಾಳೆ:

"ಇಷ್ಟ್ ಯೇಳೋಕೆ ಎಷ್ಟ್ ಕಾಗ್ದ ಆಳ್ ಮಾಡ್ದೆಯೋ ಮಗ್ನೆ? ಅಮ್ಮ ನೊಂದ್ಕೋತಾಳೆ ಅಂತ ತಾನೇ? ನಿಮ್ಮಪ್ಪಾನೂ ನಾನ್ ನೊಂದ್ಕೋತೀನಿ ಅಂತ ರಜಾ ಅಂತ ಯೇಳಿ ಒಂಟೋದ್ರು. ಓಗ್ತೀನಿ, ಬರಾಕಿಲ್ಲ ಅಂದಿದ್ರೆ ಅವತ್ತೇ ಅತ್ತು ಮುಗಿಸ್ತಿದ್ದೆ. ರಜಾ ಅಂದಿದ್ಕೆ ಎಷ್ಟ್ ವರ್ಸ ಬಾಗ್ಲು ನೋಡ್ದೆ. ನೀನ್ ಅಂಗ್ ಮಾಡ್ಬ್ಯಾಡ. ನೋಯ್ಸು, ಪರವಾಗಿಲ್ಲ. ನೋಯ್ಸಿ ಇಲ್ಲೇ ಇರು."

ಇನ್ನೊಂದು ಮಾತಂತೆ: ಬಂಗಾರಪೇಟೆಯಲ್ಲಿ ನೀನು ಹುಡುಗರಿಗೆ ಹೇಳಿದ್ದು ಕೇಳಿಸಿತಂತೆ.

ಕೋದಂಡಪ್ಪ

ಕಾಲೇಜು ಹಾಸ್ಟೆಲ್
9 ಜನವರಿ 1959

ಅಮ್ಮಾ,

ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಗಂಟೆ ಹೊಡೆದದ್ದು ಕೇಳಿಸಲಿಲ್ಲ.

ನೋಯಿಸು ಎಂದಿದ್ದೀಯ, ಹಾಗಾದರೆ ಕೇಳು. ಡ್ರಾಯಿಂಗ್ ಪರೀಕ್ಷೆಯಲ್ಲಿ ಫೇಲಾಗಿದ್ದೇನೆ. ಮತ್ತೆ ಬರೆಯಬೇಕು. ಹುರಿಹಿಟ್ಟಿನಲ್ಲಿ ಬೆಲ್ಲ ಜಾಸ್ತಿ. ಕೊಬ್ಬರಿ ಎಣ್ಣೆ ಹಚ್ಚಿಕೊ ಎಂದದ್ದಕ್ಕೆ ನೀನು ಉತ್ತರವನ್ನೇ ಬರೆಸಲಿಲ್ಲ, ಹಚ್ಚಿಕೊಳ್ಳುತ್ತಿಲ್ಲ ಎಂದು ಗೊತ್ತು.

ಮಾವ, ನೀರು ತುಂಬುವಾಗ ಒಂದೇ ದಿನ ತುಂಬಬೇಡಿ, ಸ್ವಲ್ಪ ಸ್ವಲ್ಪವಾಗಿ ಏರಿಸಿ. ಕೂದಲೆಳೆಯಷ್ಟು ಒದ್ದೆ ಗೆರೆ ಕಂಡರೆ ಕೂಡಲೇ ಉಳಿ ಎತ್ತಬೇಡಿ. ಒಳಗಿನ ಸುಣ್ಣದ ಅಂಶ ನೀರಿನೊಂದಿಗೆ ಬಂದು, ಬೆಳ್ಳಗೆ ಕಟ್ಟಿಕೊಂಡು ಅಷ್ಟು ಸಣ್ಣದನ್ನು ತಾನೇ ಮುಚ್ಚುತ್ತದೆ. ಈ ಸಲ ಮೇಷ್ಟ್ರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಆದಿ

ಆಂಡರ್ಸನ್‌ಪೇಟೆ
22 ಮಾರ್ಚ್ 1959

ಆದಿ,

ಎರಡು ತೊಟ್ಟಿಯೂ ನಿಂತವು.

ಚಿಕ್ಕದು ಈ ಸಲ ತುಂಬಿದಾಗ ಎಲ್ಲೂ ಒದ್ದೆಯಾಗದೆ ನಿಂತಿತು. ದೊಡ್ಡದಕ್ಕೆ ನೀನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ನೀರು ಏರಿಸಿದೆವು. ಕೆಳಗಿನ ಗೆರೆಯ ಒಂದು ಮೂಲೆಯಲ್ಲಿ ಒದ್ದೆ ಕಾಣಿಸಿತು. ಕುಪ್ಪುಸ್ವಾಮಿಯವರು ಅದರ ಸುತ್ತ ಸೀಮೆಸುಣ್ಣದಲ್ಲಿ ಗೀಚಿ ಸೈಕಲ್ ಹತ್ತಿದರು. ಸೇಲಂನವರ ಮುಖ ನನ್ನ ಕಣ್ಣೆದುರು ಬಂತು. ಉಳಿ ತರ್ತೀನಿ ಅಂದೆ. ನಿಮ್ಮಮ್ಮ ಅಡ್ಡ ನಿಂತಳು: "ಕಾಯಿ ಅಂತ ಬರ್ದವ್ನಲ್ಲ. ಕಾಯಿ." ದಿನಾ ಬೆಳಿಗ್ಗೆ ದಿನ್ನೆ ಹತ್ತಿದ ಕೂಡಲೇ ಆ ಜಾಗಕ್ಕೆ ಅಂಗೈ ಒತ್ತಿ ನೋಡುತ್ತಿದ್ದಳು. ಮೊದಮೊದಲು ಕೈ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಬೆಳ್ಳಗೆ ದಾರದ ಹಾಗೆ ಒಂದು ಗೆರೆ ಮೂಡಿತು. ಒಂದು ದಿನ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದಳು. ಒಣಗಿತ್ತು.

ಓವರ್ಸಿಯರ್ ಬಂದರು. ಇನ್ನೊಂದು ವಾರ ನೋಡಿದರು. ಮತ್ತೆ ಬಂದು, "ಬಂಗಾರಪೇಟೆ ಕಡೆಯ ತೊಟ್ಟಿಗೆ ಪಾಯ ತೋಡ್ಕೋ ಮೇಸ್ತ್ರಿ" ಅಂದರು. ಪೆದ್ದಮ್ಮ ಅಲ್ಲೇ ಕೂತು ಅತ್ತಳು. ಗುಂಪಿನವರೆಲ್ಲ ಅವಳನ್ನು ಗೇಲಿ ಮಾಡಿಕೊಂಡೇ ಕಣ್ಣೊರೆಸಿಕೊಂಡರು.

ಡ್ರಾಯಿಂಗ್ ವಿಚಾರಕ್ಕೆ ನಿಮ್ಮಮ್ಮ ಅಂದದ್ದು: "ಡ್ರಾಯಿಂಗ್ ಅಂದ್ರೆ ಗೆರೆ ಎಳ್ಯೋದ್ ತಾನೇ? ಅದ್ರಲ್ ಫೇಲಾಗೋದ್ ಎಂಗೆ?" ಬೆಲ್ಲದ ವಿಚಾರಕ್ಕೆ ಕೊಂಚ ನೊಂದಿದ್ದಾಳೆ, ಇರಲಿ ಬಿಡು.

ಯುಗಾದಿ ಕಳೆದ ಮೇಲೆ ಹೊಸ ತೊಟ್ಟಿಯ ಕೆಲಸ. ಇದು ಅವಳ ಮಾತು, ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಕಾಂಕ್ರೀಟ್ ಆಕೋ ಮುಂಚೆ ಬಂದ್ ನೋಡಕ್ ಯೇಳು. ತಪ್ಪಿದ್ರೆ ಅಲ್ಲೇ, ಎಲ್ರ ಮುಂದೇನೇ ಯೇಳ್ಲಿ. ಕಾಗ್ದ ಬ್ಯಾಡ. ಅವ್ನೇ ಬರ್ಲಿ."

ಕೋದಂಡಪ್ಪ